ಮದ್ದಿನ ಕೋವಿ, ಮಸಿಯ ಮೋರೆ

ಅಮೆರಿಕದ ಜಿಂಕೆ ಬೇಟೆಗಾರರ ವ್ರತ ನಿಮಗೆ ಗೊತ್ತೋ ಇಲ್ಲವೋ. ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆಂದೇ ಅಲ್ಲಿ ಬೇಟೆಯ ಪ್ರತ್ಯೇಕ ಕಾಲ ಉಂಟು. ಇರುವುದು ಒಂದೇ ಗುಂಡು. ತಪ್ಪಿತೋ, ಮತ್ತೆ ಮದ್ದು ಸುರಿ, ಗುಂಡು ಇಡು, ಗಜದಿಂದ ಜಡಿ. ಅಷ್ಟರಲ್ಲಿ ಜಿಂಕೆ ಪಕ್ಕದ ಊರು ಸೇರಿರುತ್ತದೆ. ಮುತ್ತಾತಂದಿರು ಪಟ್ಟ ಕಷ್ಟ ತಾವೂ ಪಡಬೇಕೆಂಬ ಹಂಬಲ. ಪಡಲಿ, ಬೇಡ ಅಂದವರು ಯಾರು? ಆದರೆ ಬೇಟೆ ಮುಗಿದದ್ದೇ ತಡ, ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕೂತು ಅದೇ ಕಷ್ಟವನ್ನು ಒಂದೊಂದಾಗಿ ಕಿತ್ತು ಹಾಕುತ್ತಾರೆ!

ಪೆನ್ಸಿಲ್ವೇನಿಯಾದವರು ಮಾತ್ರ ಹಟವಾದಿಗಳು. 1974ರಲ್ಲಿ ಶುರುವಾದ ಅಲ್ಲಿನ ಚಳಿಗಾಲದ ಬೇಟೆಗೆ ಚಕಮಕಿ ಕಲ್ಲಿನ ಕೋವಿಯೇ ಆಗಬೇಕು.

ಈ ಕಿತ್ತು ಹಾಕುವ ಚಟ ಹಳೆಯದೇ ಅನ್ನಿ. ಚಕಮಕಿಯ ಬೆಳಕು ಕಂಡು ಹಕ್ಕಿಗಳು ಹಾರಿಹೋಗುತ್ತವೆಂದು ತಲೆಕೆಡಿಸಿಕೊಂಡ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫಾರ್ಸಿತ್, ಪೆಟ್ಟು ಬಿದ್ದೊಡನೆ ಸಿಡಿಯುವ ಮದ್ದಿನ ಏರ್ಪಾಟಿಗೆ 1807ರಲ್ಲಿ ಪೇಟೆಂಟ್ ಪಡೆದ. ವೃತ್ತಿಯಿಂದ ಪಾದ್ರಿ! ಅದರ ಬೆನ್ನಲ್ಲೇ ಬಂದದ್ದು ಕೇಪು, ಅದೇ ಸಿಡಿಯುವ ಮದ್ದು ತುಂಬಿದ ಪುಟ್ಟ ಲೋಹದ ಟೊಪ್ಪಿ. ನಮ್ಮ ಮಲೆನಾಡಿನ ಕೇಪಿನ ಕೋವಿಯೂ ಅದೇ ವಂಶದ್ದು. ಆ ಕೇಪು ಕೋವಿಯ ಮಗ್ಗುಲಲ್ಲಿರುತ್ತಿತ್ತು, ಕಿಡಿ ಹಾರಿದರೂ ಪಕ್ಕಕ್ಕೆ. 1985ರಲ್ಲಿ ಮಿಸೌರಿಯ ಟೋನಿ ನೈಟ್ ಎಂಬಾತ ಅದನ್ನು ನಳಿಗೆಯ ನೇರ ಹಿಂದಕ್ಕೆ ತಂದು ಕೂರಿಸಿದ ಕೋವಿ ಮಾರುಕಟ್ಟೆಗೆ ಬಿಟ್ಟ. ಮದ್ದು ಥಟ್ಟನೆ ಹತ್ತಿಕೊಳ್ಳತೊಡಗಿತು. ಮುಂದೆ ಪುಟ್ಟ ಕೇಪಿನ ಜಾಗಕ್ಕೆ ಶಾಟ್‌ಗನ್ ತೋಟಾಕ್ಕೆ ಕಿಡಿ ಕೊಡುವ 209 ಪ್ರೈಮರ್ ಬಂತು, ಮೇಲೊಂದು ದುಬಾರಿ ದುರ್ಬೀನೂ ಏರಿತು.

ತಗಾದೆ ಶುರುವಾದದ್ದೇ ಇಲ್ಲಿ. ನಳಿಗೆಯ ಹಿಂಬದಿಯನ್ನು ಮುಚ್ಚುವ ತಿರುಪಿನ ಬಿರಡೆಗೆ ಬ್ರೀಚ್ ಪ್ಲಗ್ ಅಂತಾರೆ. ಪ್ರೈಮರ್ ಕೂರುವುದು ಅದರ ಹಿಂದಿನ ಗುಳಿಯಲ್ಲಿ. ಬೆಂಕಿ ಸಣ್ಣ ತೂತಿನಿಂದ ಮುಂದಕ್ಕೆ ಹೋಗಿ ಮದ್ದು ಹೊತ್ತಿಸುತ್ತದೆ. ಹೊತ್ತಿದ ಮದ್ದಿನ ಒತ್ತಡ ಅದೇ ತೂತಿನಿಂದ ಹಿಂದಕ್ಕೂ ನುಗ್ಗುತ್ತದೆ. ಪ್ರೈಮರ್ ಸ್ವಲ್ಪ ಸಡಿಲವಾಗಿದ್ದರೆ, ಸವೆದ ರಬ್ಬರಿನ ಕುಕ್ಕರಿನಂತೆ ಸಂದಿಯಿಂದೆಲ್ಲ ಬುಸ್ಸೆನ್ನುತ್ತದೆ. ದುರ್ಬೀನಿನ ಮೇಲೆ ಮಸಿ, ಪ್ರೈಮರಿನ ಹಿಂದೆ ಮುಚ್ಚುವ ಬೋಲ್ಟಿನೊಳಗೆ ಮಸಿ, ಯಜಮಾನರ ಮೋರೆಗೂ ಒಂದಿಷ್ಟು. ಕಪ್ಪು ಮದ್ದು ಸುಟ್ಟರೆ ಅರ್ಧಕ್ಕಿಂತ ಹೆಚ್ಚು ಪಾಲು ಉಳಿಯುವುದೇ ಹೀಗೆ, ಹೊಗೆ ಮತ್ತು ಕಿಟ್ಟವಾಗಿ. ಆ ಕಿಟ್ಟ ನೀರು ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಈ ಸೋರಿಕೆಗೆ ಮದ್ದುಗಳೋ, ಬೇಕಾದಷ್ಟು. ಒಬ್ಬ ಪ್ರೈಮರಿನ ಬುಡಕ್ಕೆ ಸಣ್ಣ ರಬ್ಬರ್ ಉಂಗುರ ತೊಡಿಸುತ್ತಾನೆ. ಇನ್ನೊಬ್ಬ ತೆಳು ತಗಡಿನ ಬಿಲ್ಲೆ ಇಟ್ಟು ಸಂದಿ ಮುಚ್ಚುತ್ತಾನೆ. ಮತ್ತೊಬ್ಬ ಪ್ರೈಮರಿನ ಕಂಪನಿ ಬದಲಿಸುತ್ತಾನೆ, ಏಕೆಂದರೆ ಎಲ್ಲರ 209 ಒಂದೇ ಅಳತೆಯಲ್ಲಿಲ್ಲ. ಬಿಗಿ ಹೆಚ್ಚಾಯಿತೋ, ಬೋಲ್ಟು ಮುಚ್ಚುವುದೇ ಇಲ್ಲ. ಹೇಗೋ ಮುಚ್ಚಿದರೂ ಸುಟ್ಟ ಪ್ರೈಮರ್ ಈಚೆಗೆ ಬರಲೊಲ್ಲದು. ಆಗ ಕಾಡಿನ ನಡುವೆ ಚಾಕು ಹಿಡಿದು ಅದನ್ನು ಮೀಟುತ್ತ ಕೂತ ಮಹಾಶಯನನ್ನು ಜಿಂಕೆ ನಿಂತು ನೋಡುತ್ತಿದ್ದರೂ ಆಶ್ಚರ್ಯವಿಲ್ಲ.

ಇಷ್ಟೆಲ್ಲ ತಮಾಷೆ ಸರಿ. ಆದರೆ ಇದನ್ನೆಲ್ಲ ಸರಿಪಡಿಸುತ್ತೇನೆಂದು ಮನೆಯ ಡ್ರಿಲ್ ಹಿಡಿದು ಪ್ಲಗ್ ಕೊರೆಯಲು ಹೊರಟವನ ಜೊತೆ ತಮಾಷೆ ಬೇಡ. ಗುಂಡು ಹೊಡೆದಂತೆಲ್ಲ ಪ್ಲಗಿನ ಆ ಬೆಂಕಿ ತೂತು ತಾನಾಗಿಯೇ ಸವೆದು ಹಿಗ್ಗುತ್ತದೆ, ಹಿಗ್ಗಿದಷ್ಟೂ ಬೆಂಕಿ ಹಿಂದಕ್ಕೆ. ತೂತು ದೊಡ್ಡದಾಗಿದ್ದರೆ ಹೊಸ ಪ್ಲಗ್ ಕೊಳ್ಳಿ, ಕೊರೆಯುವ ಕೆಲಸವಿದ್ದರೆ ಬಲ್ಲ ಕೋವಿ ರಿಪೇರಿಯವನಿಗೆ ಬಿಡಿ, ಗುಂಡು ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ.