ಓಡ್ತದೆ ಸ್ವಾಮಿ, ಓಡ್ತದೆ

‘ಸೆಲೆಸ್ಟ್’ ಎಂಬ ಆಟ ಬಂದದ್ದು 2018ರಲ್ಲಿ. ಒಳಗಿನ ಕಳವಳವನ್ನು ಹೊತ್ತುಕೊಂಡೇ ಬೆಟ್ಟ ಹತ್ತಲು ಹೊರಟ ಹುಡುಗಿಯ ಕಥೆ ಅದು. ಬೀಳುವುದು, ಏಳುವುದು, ಮತ್ತೆ ಬೀಳುವುದು. ಆಡಿದವರನ್ನು ‘ಹೇಗಿತ್ತು?’ ಎಂದು ಕೇಳಿದರೆ ಕೆಲವರು ಹುಡುಗಿಯ ಬಗ್ಗೆ ಹೇಳುತ್ತಾರೆ, ಕೆಲವರು ಸಂಗೀತದ ಬಗ್ಗೆ, ಇನ್ನು ಕೆಲವರು ತಮ್ಮ ಬೆರಳುನೋವಿನ ಬಗ್ಗೆ. ಒಬ್ಬನ ಉತ್ತರ ಮಾತ್ರ ಬೇರೆ: ‘ನೇಟಿವ್ ಬಿಲ್ಡ್ ಗುರು! ಇನ್‌ಸ್ಟಾಲ್ ಮಾಡ್ದೆ, ಓಡ್ತು. ಕಂಟ್ರೋಲರ್ ಕೂಡ ತಾನೇ ಹಿಡ್ಕೊಳ್ತು.’ ಅದು ಸರಿ, ಬೆಟ್ಟ ಹತ್ತಿದೆಯಾ ಎಂದರೆ, ‘ಅರ್ಧ ಹತ್ತಿದ್ದೆ, ಅಷ್ಟರಲ್ಲಿ ಹೊಸ ಕರ್ನಲ್ ಬಂತು’ ಎನ್ನುತ್ತಾನೆ. ಇವನೇ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮಿನ ಮೇಲೆ ಇಂಡಿ ಆಟ ಆಡುವವನು. ಲಿನಕ್ಸಿನ ಲಾಂಛನ ಪೆಂಗ್ವಿನ್ ಆದ್ದರಿಂದ ಅನುಕೂಲಕ್ಕೆ ಇವನನ್ನು ಪೆಂಗ್ವಿನಪ್ಪ ಎನ್ನೋಣ. ಜಯನಗರದಲ್ಲಿ ಸಿಕ್ಕರೂ ಬರ್ಲಿನ್ನಿನಲ್ಲಿ ಸಿಕ್ಕರೂ ತಳಿ ಒಂದೇ, ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿದ ಸ್ಟಿಕರುಗಳೂ ಹೆಚ್ಚುಕಡಿಮೆ ಅವೇ. ಇವನನ್ನು ಕಂಡು ನಗುವುದು ಸುಲಭ, ನಗಲೂಬೇಕು. ಆದರೆ ಒಬ್ಬಿಬ್ಬರೇ ಕೂತು ಇಂಥ ಇಂಡಿ ಆಟ ಕಟ್ಟುವ ಸಣ್ಣ ಕಸುಬುದಾರರಿಗೆ ಇವನಿಗಿಂತ ಒಳ್ಳೆಯ ಗಿರಾಕಿ ಸಿಗುವುದು ಕಷ್ಟ ಎಂಬುದು ನನ್ನ ವಾದ. ಅವನು ಒಳ್ಳೆಯ ಗಿರಾಕಿಯಾಗಿರುವುದು ಕೆಟ್ಟ ಆಟಗಾರನಾಗಿರುವ ಕಾರಣಕ್ಕೇ ಎಂಬುದೂ ಅದೇ ವಾದದ ಇನ್ನೊಂದು ತುದಿ.

ಮೊದಲು ಅವನ ಅಭಿರುಚಿಯ ವಿಚಾರ. ‘ದೊಡ್ಡ ಕಂಪನಿಯವರ ಆಟ ನಾನು ಮುಟ್ಟಲ್ಲ ಮಗಾ, ಇಂಡಿ ಮಾತ್ರ’ ಎಂದು ಅವನು ಎದೆಯುಬ್ಬಿಸಿ ಹೇಳುತ್ತಾನೆ. ಚರಿತ್ರೆ ತೆಗೆದು ನೋಡಿದರೆ ಇದು ಮನೆಯಲ್ಲಿ ಅಕ್ಕಿ ಇಲ್ಲದ ದಿನ ಏಕಾದಶಿ ಎಂದ ಹಾಗಿದೆ. ದೊಡ್ಡ ಆಟಗಳನ್ನು ಲಿನಕ್ಸಿಗೆ ತಂದು ಮಾರುತ್ತೇವೆಂದು 1998ರಲ್ಲಿ ಅಮೆರಿಕದಲ್ಲಿ ಲೋಕಿ ಸಾಫ್ಟ್‌ವೇರ್ ಎಂಬ ಸಂಸ್ಥೆ ಹುಟ್ಟಿತು; 2002ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಆಮೇಲೆ ವರ್ಷಗಟ್ಟಲೆ ಪೆಂಗ್ವಿನಪ್ಪ ಹಿಮದ ಇಳಿಜಾರಿನಲ್ಲಿ ಪೆಂಗ್ವಿನ್ ಜಾರಿಸುವ ‘ಟಕ್ಸ್ ರೇಸರ್’ ಆಡಿಕೊಂಡು, ಅದೇ ಪರಮಾನಂದ ಎಂದು ಊರಿಗೆಲ್ಲ ಸಾರಿಕೊಂಡು ಕಾಲ ಹಾಕಿದ. ಇವತ್ತಿಗೂ ಹತ್ತಾರು ಜನ ಒಟ್ಟಿಗೆ ಗುಂಡು ಹಾರಿಸುವ ಆನ್‌ಲೈನ್ ಆಟಗಳಲ್ಲಿ ಕೆಲವು ಅವನನ್ನು ಒಳಗೇ ಬಿಡುವುದಿಲ್ಲ. ಮೋಸಗಾರರನ್ನು ಹಿಡಿಯುವ ಆಂಟಿ-ಚೀಟ್ ಕಾವಲುಗಾರ ವಿಂಡೋಸಿನ ಹೊಟ್ಟೆಯೊಳಗೇ ಕೂತಿರುತ್ತಾನೆ, ಲಿನಕ್ಸಿನಲ್ಲಿ ಅವನಿಗೆ ಕೂರಲು ಜಾಗ ಇಲ್ಲ. ‘ವ್ಯಾಲೊರಂಟ್’ ಅಲ್ಲಿ ಓಡುವುದೇ ಇಲ್ಲ. ‘ಅಪೆಕ್ಸ್ ಲೆಜೆಂಡ್ಸ್’ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಅದೂ ಬಾಗಿಲು ಹಾಕಿಕೊಂಡಿತು. ಹೀಗಾಗಿ ಅವನ ಇಂಡಿ ಪ್ರೇಮದಲ್ಲಿ ವಿಧಿಯ ಪಾಲು ದೊಡ್ಡದು. ಆದರೆ ವಿಧಿ ಕೂಡಿಸಿದ ಜೋಡಿಯೂ ಕೆಲವೊಮ್ಮೆ ಚೆನ್ನಾಗಿ ಬಾಳುತ್ತದೆ. ಲೋಕಿಯಲ್ಲಿದ್ದಾಗ ಸ್ಯಾಮ್ ಲ್ಯಾಂಟಿಂಗಾ ಬೆಳೆಸಿದ ಎಸ್‌ಡಿಎಲ್ ಎಂಬ ಸಲಕರಣೆ ಸಂಸ್ಥೆ ಮುಳುಗಿದರೂ ಮುಳುಗಲಿಲ್ಲ. ಇವತ್ತಿನ ಎಷ್ಟೋ ಇಂಡಿ ಆಟಗಳ ತಳಪಾಯ ಅದೇ. ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಎಲ್ಲರಿಗೂ ತೆರೆದುಕೊಂಡ ಗೊಡೋ ಎಂಜಿನ್ನಿನಲ್ಲಿ ಆಟ ಕಟ್ಟುವವರಿಗೆ ಲಿನಕ್ಸಿನ ಪ್ರತಿ ತೆಗೆಯುವುದು ದೊಡ್ಡ ಬಾಬತ್ತೇ ಅಲ್ಲ. ಸಾವಿರ ಜನ ದುಡಿಯುವ ಕಂಪನಿಗೆ ಪೆಂಗ್ವಿನಪ್ಪ ಲೆಕ್ಕಕ್ಕಿಲ್ಲದವನು. ಒಬ್ಬನೇ ದುಡಿಯುವವನಿಗೆ ಅವನು ಹೆಸರು ಹಿಡಿದು ಕಾಗದ ಬರೆಯುವ ನೆಂಟ.

ನೆಂಟನಾದರೂ ಬಿಟ್ಟಿ ನೆಂಟನಲ್ಲ. ಆಪರೇಟಿಂಗ್ ಸಿಸ್ಟಮಿಗೆ ನಯಾಪೈಸೆ ಕೊಡದವನು ಆಟಕ್ಕೆ ದುಡ್ಡು ಬಿಚ್ಚುತ್ತಾನೆಯೇ ಎಂಬ ಅನುಮಾನ ಸಹಜ. 2010ರ ಮೇ ತಿಂಗಳಲ್ಲಿ ‘ಹಂಬಲ್ ಇಂಡೀ ಬಂಡಲ್’ ಎಂಬ ಮಾರಾಟ ನಡೆಯಿತು. ‘ವರ್ಲ್ಡ್ ಆಫ್ ಗೂ’, ‘ಅಕ್ವೇರಿಯಾ’, ‘ಗಿಶ್’ ಮೊದಲಾದ ಆಟಗಳ ಕಟ್ಟು. ನಿಮಗೆ ತೋಚಿದಷ್ಟು ಕೊಟ್ಟು ಒಯ್ಯಿರಿ ಎಂಬ ಷರತ್ತು. ಯಾವ ಸಿಸ್ಟಮಿನವರು ಸರಾಸರಿ ಎಷ್ಟು ಕೊಟ್ಟರು ಎಂದು ಮಾರಿದವರು ಬಹಿರಂಗವಾಗಿಯೇ ತೋರಿಸುತ್ತಿದ್ದರು. ವಿಂಡೋಸಿನವರಿಗಿಂತ ಲಿನಕ್ಸಿನವರು ಹತ್ತಿರ ಹತ್ತಿರ ಎರಡರಷ್ಟು ಕೊಟ್ಟಿದ್ದರು. ಇದು ಔದಾರ್ಯವಲ್ಲ, ಹಟ ಎನ್ನುವವರಿದ್ದಾರೆ: ಅಂಕಿ ಎಲ್ಲರಿಗೂ ಕಾಣುತ್ತಿತ್ತು, ತನ್ನ ಪಂಗಡದ ಮಾನ ಉಳಿಸಲು ಕೊಟ್ಟ, ಅಷ್ಟೇ. ಒಪ್ಪುತ್ತೇನೆ. ಆಟವನ್ನು ಆಮೇಲೆ ಎಷ್ಟು ಆಡಿದನೋ ಅದೂ ಬೇರೆ ಮಾತು. ಆದರೆ ಹಟಕ್ಕೆ ಕೊಟ್ಟ ಡಾಲರಿಗೂ ಪ್ರೀತಿಗೆ ಕೊಟ್ಟ ಡಾಲರಿಗೂ ಬ್ಯಾಂಕಿನಲ್ಲಿ ಬೆಲೆ ಒಂದೇ. ಆಟದ ರುಚಿಗಾಗಿ ಕೊಡುವವನು ರುಚಿಗೆ ತಕ್ಕಷ್ಟೇ ಕೊಡುತ್ತಾನೆ. ‘ನಮಗೂ ಒಂದು ಪ್ರತಿ ಮಾಡಿದರಲ್ಲ’ ಎಂಬ ಖುಷಿಗೆ ಕೊಡುವವನಿಗೆ ರುಚಿಯ ಹಂಗಿಲ್ಲ.

ಹಣಕ್ಕಿಂತ ದೊಡ್ಡದು ಅವನ ದೂರು. ಮಾಮೂಲಿ ಆಟಗಾರ ಆಟ ಕೆಟ್ಟರೆ ‘ಓಡ್ತಿಲ್ಲ, ದುಡ್ಡು ವಾಪಸ್ ಕೊಡಿ’ ಎಂದು ಎರಡು ಮಾತಿನಲ್ಲಿ ಮುಗಿಸುತ್ತಾನೆ. ಪೆಂಗ್ವಿನಪ್ಪನಿಗೆ ಹಬ್ಬ ಶುರುವಾಗುವುದೇ ಆಗ. ತನ್ನದು ಯಾವ ಡಿಸ್ಟ್ರೋ, ಯಾವ ಕರ್ನಲ್, ಗ್ರಾಫಿಕ್ಸ್ ಡ್ರೈವರ್ ಎಷ್ಟನೆಯದು, ವೇಲ್ಯಾಂಡ್ ಇಟ್ಟುಕೊಂಡಾಗ ಏನಾಯಿತು, ಎಕ್ಸ್11ಗೆ ಹಿಂದಿರುಗಿದಾಗ ಏನಾಯಿತು, ಯಾವ ಗೋಡೆಗೆ ಎಡದಿಂದ ಹಾರಿದರೆ ಬೀಳುತ್ತದೆ, ಬಲದಿಂದ ಹಾರಿದರೆ ಏಕೆ ಬೀಳುವುದಿಲ್ಲ ಎಂದು ಪಂಚನಾಮೆ ಬರೆದು, ಲಾಗ್ ಕಡತವನ್ನೂ ಲಗತ್ತಿಸಿ ಕಳಿಸುತ್ತಾನೆ. ಇದು ನನ್ನ ಉತ್ಪ್ರೇಕ್ಷೆಯಲ್ಲ. ಶನಿಗ್ರಹದ ಬಳೆಗಳ ನಡುವೆ ಗಣಿಗಾರಿಕೆ ಮಾಡುವ ‘ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್’ ಎಂಬ ಆಟವನ್ನು ಕಟ್ಟಿದಾತ 2021ರಲ್ಲಿ ತನ್ನ ಲೆಕ್ಕವನ್ನು ಜನರ ಮುಂದಿಟ್ಟ. ಮಾರಾಟವಾದದ್ದು ಸುಮಾರು 12,000 ಪ್ರತಿ. ಅದರಲ್ಲಿ ಲಿನಕ್ಸಿನವರು ಕೊಂಡದ್ದು ಸುಮಾರು 700. ಬಂದ ದೂರುಗಳು ಸಾವಿರ ಚಿಲ್ಲರೆ. ಅದರಲ್ಲಿ ಸುಮಾರು 400 ಲಿನಕ್ಸಿನವರವು. ನೂರಕ್ಕೆ ಆರು ಜನವೂ ಇಲ್ಲದ ಗುಂಪು ನೂರಕ್ಕೆ ಮೂವತ್ತೆಂಟು ದೂರು ಬರೆದಿತ್ತು! ಬೇರೆ ಅಂಗಡಿಯಾಗಿದ್ದರೆ ಇಂಥ ಗಿರಾಕಿಯನ್ನು ಕಂಡೊಡನೆ ಷಟರ್ ಎಳೆಯುತ್ತಿದ್ದರು. ಆದರೆ ಆ 400ರಲ್ಲಿ ಲಿನಕ್ಸಿಗೆ ಮಾತ್ರ ಸಂಬಂಧಪಟ್ಟ ದೋಷಗಳು ಮೂರೇ ಮೂರು. ಉಳಿದವೆಲ್ಲ ವಿಂಡೋಸಿನವರಿಗೂ ಕಾಡುತ್ತಿದ್ದವು. ಅವರು ಹೇಳದೆ ನುಂಗಿಕೊಂಡಿದ್ದರು, ಇಲ್ಲವೇ ಆಟವನ್ನೇ ಬಿಟ್ಟು ಹೋಗಿದ್ದರು. ಸಂಬಳ ಕೊಟ್ಟು ಪರೀಕ್ಷಕರನ್ನು ಇಟ್ಟುಕೊಳ್ಳಲಾಗದ ಬಡ ಕಸುಬುದಾರನಿಗೆ ಪೆಂಗ್ವಿನಪ್ಪ ತಾನೇ ಕಾಸು ಕೊಟ್ಟು ಪರೀಕ್ಷಕನಾಗಿ ಬರುತ್ತಾನೆ. ಆಟದ ರಾಕ್ಷಸನನ್ನು ಕೊಲ್ಲುವುದರಲ್ಲಿ ಮೈಮರೆಯುವವನಿಗೆ ಗೋಡೆಯ ಬಿರುಕು ಕಾಣುವುದಿಲ್ಲ. ಪೆಂಗ್ವಿನಪ್ಪ ರಾಕ್ಷಸನ ಬಳಿಗೆ ಹೋಗುವುದೇ ಇಲ್ಲ, ದಾರಿಯಲ್ಲಿ ಗೋಡೆ ತಟ್ಟುತ್ತ ನಿಂತುಬಿಡುತ್ತಾನೆ.

ಇದಕ್ಕೆ ಎದುರು ಸಾಕ್ಷಿಯೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ‘ಪ್ಲಾನೆಟರಿ ಅನ್ನಿಹಿಲೇಷನ್’ ಎಂಬ ಆಟದಲ್ಲಿ ದುಡಿದಿದ್ದ ಒಬ್ಬರು, ತಮ್ಮ ಮಾರಾಟದಲ್ಲಿ ಲಿನಕ್ಸಿನ ಪಾಲು ಸಾವಿರಕ್ಕೆ ಒಂದರಷ್ಟೂ ಇರಲಿಲ್ಲ, ಆಟ ಕುಸಿದ ವರದಿಗಳಲ್ಲಿ ಮತ್ತು ಸಹಾಯದ ಕೋರಿಕೆಗಳಲ್ಲಿ ಮಾತ್ರ ಐದನೆಯ ಒಂದು ಪಾಲಿಗಿಂತ ಹೆಚ್ಚು ಅವರದೇ ಎಂದಿದ್ದರು. ಇಂಥವನನ್ನು ಮನೆಗೆ ಸೇರಿಸಿಕೊಂಡವನು ಕೆಟ್ಟ ಎಂಬುದು ಆ ಮಾತಿನ ಧಾಟಿ. ಆದರೆ ಅಲ್ಲಿನ ತೊಂದರೆಗಳಲ್ಲಿ ಹೆಚ್ಚಿನವು ಗ್ರಾಫಿಕ್ಸ್ ಡ್ರೈವರಿನವು ಎಂದೂ ಅವರೇ ಹೇಳಿದ್ದರು. ಆ ಕಾಲದ ಡ್ರೈವರುಗಳ ಗೋಳು ಲಿನಕ್ಸಿನ ಜನಕನನ್ನೂ ಬಿಟ್ಟಿರಲಿಲ್ಲ: 2012ರಲ್ಲಿ ಫಿನ್‌ಲೆಂಡಿನ ವಿಶ್ವವಿದ್ಯಾಲಯವೊಂದರ ವೇದಿಕೆಯ ಮೇಲೆ ಲೈನಸ್ ಟೊರ್ವಾಲ್ಡ್ಸ್ ಎನ್‌ವಿಡಿಯಾ ಕಂಪನಿಗೆ ಕ್ಯಾಮೆರಾದ ಎದುರೇ ಮಧ್ಯದ ಬೆರಳು ತೋರಿಸಿದ್ದ. ಇಡೀ ಗ್ರಹಗಳನ್ನೇ ಮೂರು ಆಯಾಮದಲ್ಲಿ ಸಿಡಿಸುವ ಭಾರೀ ಆಟಕ್ಕೆ ಅಂಥ ಡ್ರೈವರ್ ಕೈಕೊಟ್ಟರೆ ಆಶ್ಚರ್ಯವೇನು? ಅಲ್ಲಿ ಕುಸಿದದ್ದನ್ನು ಬಹುಪಾಲು ಯಂತ್ರವೇ ವರದಿ ಮಾಡಿತ್ತು. ಡೆಲ್ಟಾ-ವಿ ಕಟ್ಟಿದವನ ಕೈಗೆ ಬಂದದ್ದು ಮನುಷ್ಯರು ಕೂತು ಬರೆದ ದೂರು. ನನ್ನ ವಾದ ಸಣ್ಣ ಆಟಗಳಿಗೆ ಮಾತ್ರ ಎಂದು ಬೇಲಿ ಹಾಕಿಕೊಳ್ಳಲು ನನಗೆ ಅಡ್ಡಿಯಿಲ್ಲ.

‘ಇವನಿಗೆ ತತ್ವವೇ ಇಲ್ಲ’ ಎಂಬ ಆಕ್ಷೇಪಕ್ಕೆ ಮಾತ್ರ ನನ್ನ ಬಳಿ ಪೂರ್ತಿ ಉತ್ತರವಿಲ್ಲ. 2012ರಲ್ಲಿ ‘ಲಿಂಬೋ’ ಎಂಬ ಕಪ್ಪು-ಬಿಳುಪಿನ ಆಟ ಹಂಬಲ್ ಕಟ್ಟಿನಲ್ಲಿ ಲಿನಕ್ಸಿಗೆ ಬಂತು. ಒಳಗೆ ಬಗೆದು ನೋಡಿದರೆ ವಿಂಡೋಸಿನ ಆಟವನ್ನೇ ವೈನ್ ಎಂಬ ಹೊದಿಕೆಯಲ್ಲಿ ಸುತ್ತಿ ಕೊಟ್ಟಿದ್ದರು. ಪೆಂಗ್ವಿನಪ್ಪ ಕೆರಳಿದ: ಇದು ಲಿನಕ್ಸ್ ಆಟವೇ ಅಲ್ಲ, ಕುಲಗೆಟ್ಟದ್ದು! ಕೊನೆಗೆ 2014ರಲ್ಲಿ ರಯಾನ್ ಗಾರ್ಡನ್ ಎಂಬ ಪ್ರೋಗ್ರಾಮರ್ ಅಚ್ಚ ಲಿನಕ್ಸ್ ಪ್ರತಿ ಮಾಡಿಕೊಟ್ಟ ಮೇಲೆ ಶಾಂತಿಯಾಯಿತು. 2018ರ ಆಗಸ್ಟಿನಲ್ಲಿ ವಾಲ್ವ್ ಕಂಪನಿ ಅದೇ ವೈನಿಗೆ ಇನ್ನಷ್ಟು ಒಗ್ಗರಣೆ ಹಾಕಿ ಪ್ರೋಟಾನ್ ಎಂಬ ಹೆಸರಿನಲ್ಲಿ ಬಡಿಸಿದಾಗ ಇದೇ ಪೆಂಗ್ವಿನಪ್ಪ ಎಲೆ ಹಾಸಿ ಕೂತ. ಪ್ರೋಟಾನ್‌ಡಿಬಿ ಎಂಬ ಜಾಲತಾಣದಲ್ಲಿ ಒಂದೊಂದು ಆಟಕ್ಕೂ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ದರ್ಜೆ ಸಿಗುವುದು ಅವನಂಥವರ ವರದಿಗಳಿಂದ. ಈ ದರ್ಜೆ ಆಟ ಚೆನ್ನಾಗಿದೆಯೇ ಎಂದು ಹೇಳುವುದಿಲ್ಲ, ಓಡುತ್ತದೆಯೇ ಎಂದಷ್ಟೇ ಹೇಳುತ್ತದೆ. ಪರಮ ದರಿದ್ರ ಆಟಕ್ಕೂ ಪ್ಲಾಟಿನಂ ಸಿಗಬಹುದು. ಅಲ್ಲಿನ ವರದಿಯ ಶೈಲಿಯೂ ನೋಡುವಂಥದ್ದು. ‘ಯಾವ ತೊಂದರೆಯೂ ಇಲ್ಲದೆ ಓಡಿತು’ ಎಂದು ಶುರು ಮಾಡಿ, ಓಡಿಸಲು ತಾನು ಸೇರಿಸಿದ ನಾಲ್ಕು ಸಾಲಿನ ಆಜ್ಞೆಗಳನ್ನು ಕೆಳಗೆ ಬರೆದಿರುತ್ತಾನೆ.

ಹಾಗಾದರೆ ಅವನು ಆಟವನ್ನು ಆಡುವುದೇ ಇಲ್ಲವೇ? ಆಡುತ್ತಾನೆ, ‘ಫ್ಯಾಕ್ಟೋರಿಯೊ’ ಎದುರಿಗಿದ್ದರೆ. ಅನ್ಯಗ್ರಹದಲ್ಲಿ ಕಾರ್ಖಾನೆ ಕಟ್ಟುವ ಈ ಝೆಕ್ ಆಟದಲ್ಲಿ ಬೆಲ್ಟು ಸಿಕ್ಕಿಹಾಕಿಕೊಂಡದ್ದನ್ನು ಬಿಡಿಸುವುದು, ಅದು ಬಿಟ್ಟೊಡನೆ ಇನ್ನೊಂದು ಕಡೆ ಸಿಕ್ಕಿಹಾಕಿಕೊಂಡದ್ದನ್ನು ಹುಡುಕುವುದೇ ಕಥೆ. ಅವನ ಭಾನುವಾರಕ್ಕೂ ಈ ಆಟಕ್ಕೂ ಗೆರೆ ಎಳೆಯುವುದು ಕಷ್ಟ. ಆದರೂ ಈ ಆಟದ ಬಗ್ಗೆ ಅವನು ಮೊದಲು ಹೇಳುವುದು ಕಾರ್ಖಾನೆಯ ಸುದ್ದಿಯಲ್ಲ: ವಿಂಡೋಸಿನಲ್ಲಿ ಆಟ ಸೇವ್ ಆಗುವಾಗ ಕ್ಷಣಕಾಲ ನಿಲ್ಲುತ್ತದೆ, ಲಿನಕ್ಸಿನಲ್ಲಿ ಹಿನ್ನೆಲೆಯಲ್ಲೇ ಸೇವ್ ಮಾಡಿಕೊಳ್ಳುವ ಸೌಲಭ್ಯ ಇದೆ. ಆ ಸೌಲಭ್ಯ ಮಾಮೂಲಿ ಸೆಟ್ಟಿಂಗ್ಸ್‌ನಲ್ಲಿ ಕಾಣದೆ ಬಚ್ಚಿಟ್ಟ ಪಟ್ಟಿಯಲ್ಲಿರುವುದು ಅವನ ಸುಖವನ್ನು ಇಮ್ಮಡಿಗೊಳಿಸಿದೆ.

ಈ ತಳಿ ಅಳಿಯುತ್ತಿದೆ ಎನ್ನುವವರು 2022ರಲ್ಲಿ ಬಂದ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಅನ್ನು ತೋರಿಸುತ್ತಾರೆ. ಅಂಗೈಯಲ್ಲಿ ಹಿಡಿದು ಆಡುವ ಈ ಯಂತ್ರದೊಳಗೆ ಇರುವುದು ಲಿನಕ್ಸೇ. ಕೊಂಡ ಎಷ್ಟೋ ಮಂದಿಗೆ ಅದರ ಅರಿವಿಲ್ಲ, ಅರಿಯುವ ಗರಜೂ ಇಲ್ಲ. ಗುಂಡಿ ಒತ್ತಿದರೆ ಆಟ ಓಡುತ್ತದೆ, ಪಂಚನಾಮೆಗೆ ಜಾಗವೆಲ್ಲಿ? ಆದರೆ ಪೆಂಗ್ವಿನಪ್ಪನೂ ಒಂದು ತರಿಸಿಕೊಂಡಿದ್ದಾನೆ. ಬಿಡುಗಡೆಯಾದಾಗ ಅದು ಭಾರತಕ್ಕೆ ಬರಲಿಲ್ಲವಾದ್ದರಿಂದ ಜಯನಗರದವನಿಗೆ ಅಮೆರಿಕದಿಂದ ರಜೆಗೆ ಬಂದ ಭಾವನ ಸೂಟ್‌ಕೇಸಿನಲ್ಲಿ ಬಂತು. ಅದರ ಸಿಸ್ಟಮ್ ಕಡತಗಳನ್ನು ಯಾರೂ ಕೆಡಿಸದಂತೆ ವಾಲ್ವ್ ಬೀಗ ಹಾಕಿಟ್ಟಿದೆ. ಬೇಕಾದವರು ತೆಗೆದುಕೊಳ್ಳಲಿ ಎಂದು ಬೀಗ ತೆಗೆಯುವ ಆಜ್ಞೆಯನ್ನೂ ಕೊಟ್ಟಿದೆ. ಅವನು ಆಟ ಇಳಿಸಿಕೊಳ್ಳುವ ಮೊದಲು ಬೀಗ ತೆಗೆದ, ತನಗೆ ಬೇಕಾದದ್ದನ್ನೆಲ್ಲ ತುಂಬಿದ. ಮುಂದಿನ ಅಪ್‌ಡೇಟ್ ಬಂದು ತುಂಬಿದ್ದನ್ನೆಲ್ಲ ಅಳಿಸಿ ಹಾಕಿತು. ‘ಪರವಾಗಿಲ್ಲ ಮಗಾ, ಈ ವಾರ ಮತ್ತೆ ಕೂತ್ಕೋತೀನಿ’ ಎನ್ನುವಾಗ ಅವನ ಮುಖದಲ್ಲಿ ಬೇಸರದ ಸುಳಿವೂ ಇರುವುದಿಲ್ಲ.