ಶುಗರ್ ಹೇಳೇನು, ನಂಬರ್ ಹೇಳಲಾರೆ

ಜಹೀರಾಬಾದಿನ ಅಂಗಡಿಯಲ್ಲಿ ಎರಡು ಬನಿಯನ್ ಕೊಂಡರೂ ಕೌಂಟರಿನ ಹುಡುಗ ದುಡ್ಡಿಗಿಂತ ಮೊದಲು ಫೋನ್ ನಂಬರ್ ಕೇಳುತ್ತಾನೆ. ಬಿಲ್ಲಿಗಾಗಿ ಗಿರಾಕಿಯ ನಂಬರಿಗೆ ಹಟ ಹಿಡಿಯಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ಹೇಳಿದೆಯಲ್ಲಪ್ಪ ಅಂದರೆ, “ಕಾಕಾ, ನಂಬರ್ ಹೊಡೀದೆ ಮಷೀನ್ ಮುಂದಕ್ಕ ಹೋಗಲ್ರಿ” ಅನ್ನುತ್ತಾನೆ. ನಿಮ್ಮ ಮಾಲೀಕರ ನಂಬರು ಮೊದಲು ಕೊಡು, ಆಮೇಲೆ ನನ್ನದು ಎಂಬುದು ನನ್ನ ಪಟ್ಟು. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ. ರಿಟೈರಾದವನಿಗೆ ಎಲ್ಲಿಯ ಅವಸರ?

ಹಾಗಂತ ನಾನು ಗುಟ್ಟಿನ ಮನುಷ್ಯನಲ್ಲ. ನಾರಾಯಣಖೇಡದ ಬಸ್ ನಿಲ್ದಾಣದ ಹತ್ತಿರ ಚಹಾದವನು ಬಂಡಿಯಾಚೆಯಿಂದಲೇ “ಪೋಸ್ಟ್ ಮಾಸ್ತರ್ರೇ, ಶುಗರ್ ಎಷ್ಟ್ ಬಂತ್ರಿ?” ಎಂದು ಕೂಗಿದರೆ, “ಬರೀ ಹೊಟ್ಟೀಲೆ ನೂರಾ ನಲವತ್ತು” ಎಂದು ನಾನೂ ಅಷ್ಟೇ ಜೋರಾಗಿ ಸಾರುತ್ತೇನೆ. ಬೆಂಚಿನ ಮೇಲಿದ್ದವರಲ್ಲಿ ಒಬ್ಬರು ಮೆಂತ್ಯ ಅನ್ನುತ್ತಾರೆ, ಇನ್ನೊಬ್ಬರು ಹಾಗಲಕಾಯಿ. ಮೂರನೆಯವರು ಇಬ್ಬರನ್ನೂ ತೆಲುಗಿನಲ್ಲಿ ಬೈದು ಜೋಳದ ರೊಟ್ಟಿಯೊಂದೇ ಸಾಕೆಂದು ತೀರ್ಪು ಕೊಡುತ್ತಾರೆ. ನನ್ನ ಶುಗರ್ ಅವರಿಗೆ ಗೊತ್ತು, ಅವರ ಬಿಪಿ ನನಗೆ ಗೊತ್ತು. ಲೆಕ್ಕ ಚುಕ್ತಾ.

ನೌಕರಿಯಲ್ಲಿದ್ದಾಗಲೂ ಹೀಗೇ. ಪೋಸ್ಟ್ ಕಾರ್ಡು ಓದಿ ಹೇಳದೆ ಕೊಟ್ಟರೆ ಹಳ್ಳಿಯವರಿಗೆ ಸಿಟ್ಟು. ಉತ್ತರ ಬರೆಯುವಾಗ ಬೀಗರ ಜಗಳಕ್ಕೆ ನಾಲ್ಕು ಮಾತು ನಮ್ಮ ಕಡೆಯಿಂದಲೂ ಸೇರಿಸಬೇಕಿತ್ತು. ಆದರೆ ಅದನ್ನೇ ಹಿಡಿದುಕೊಂಡು ಅವರಿಗೆ ಪ್ಲಾಟು ಮಾರಲು ನಾವು ಯಾರೂ ಹೋಗಲಿಲ್ಲ.

ಅರ್ಜಿಗಳಲ್ಲಿ ‘ವಿಳಾಸ ಬದಲಾಗಿದೆಯೇ?’ ಎಂಬ ಕಾಲಮ್ಮು ಕಂಡರೆ ನನಗೆ ನಗು. ನಮ್ಮ ಮನೆ ಕದಲಿಲ್ಲ. 1956ರವರೆಗೆ ಬೀದರ್ ಜಿಲ್ಲೆಯಲ್ಲಿತ್ತು, ಆಮೇಲೆ ಮೆದಕ್, 2016ರಿಂದ ಸಂಗಾರೆಡ್ಡಿ. ತಾಂಡೂರಿನ ಬೀಗರೂ ಕೂತಲ್ಲೇ ಕಲಬುರಗಿ ಜಿಲ್ಲೆಯಿಂದ ಆಚೆ ಹೋದವರು. 2022ರಲ್ಲಿ ತಾಂಡೂರಿನ ತೊಗರಿಗೆ ಜಿಐ ಮಾನ್ಯತೆ ಸಿಕ್ಕಮೇಲೆ ಅವರು ಬೇಳೆಯ ಜೊತೆ ಒಂದಿಷ್ಟು ಜಂಬವನ್ನೂ ಕಟ್ಟಿ ಕಳಿಸುತ್ತಾರೆ.

ನವೆಂಬರ್ ಬಂತೆಂದರೆ ಬದುಕಿದ್ದೇನೆಂದು ರುಜುವಾತು ಮಾಡಬೇಕು. 2014ರಲ್ಲಿ ಶುರುವಾದ ಜೀವನ್ ಪ್ರಮಾಣ್ ಮೊದಲು ಬೆರಳು ಕೇಳುತ್ತಿತ್ತು. ಠಸ್ಸೆ ಹೊಡೆದು ಹೊಡೆದು ಸವೆದ ನನ್ನ ಬೆರಳನ್ನು ಯಂತ್ರ ಒಪ್ಪುತ್ತಿರಲಿಲ್ಲ. 2021ರಲ್ಲಿ ಮುಖ ತೋರಿಸುವ ಪದ್ಧತಿ ಬಂತು. ಈಗ ಅಂಚೆಯ ಹುಡುಗ ಮನೆಗೇ ಬಂದು, ಫೋನ್ ಎದುರಿಗೆ ಹಿಡಿದು, “ಕಣ್ಣ್ ಪಿಳುಕಿಸ್ರಿ ಸರ್” ಅನ್ನುತ್ತಾನೆ. ರೆಪ್ಪೆ ಬಡಿದರೆ ದಿಲ್ಲಿ ನಂಬುತ್ತದೆ. ಹೋದ ಸಲ ನನ್ನ ಹೆಂಡತಿ ಅಡುಗೆಮನೆಯಿಂದಲೇ ಅವನಿಗೆ ಹೇಳಿದಳು: “ಮುಂಜಾನೆ ಬಂದಿ, ಛಲೋ ಆಯ್ತಪಾ. ಊಟ ಆದಮ್ಯಾಲ ಬಂದಿದ್ರ ಇವರ ಪಿಂಚಣಿ ನಿಂತ್ಹೋಗ್ತಿತ್ತು.”