ಐಹೊಳೆಯ ಪಕ್ಷಿಗಳೂ ಕ್ಯಾಮೆರಾ ಪೀಠಗಳೂ: ಒಂದು ಸ್ಥಾನನಿರ್ಣಯ

ಪಕ್ಷಿ ಛಾಯಾಗ್ರಾಹಕನು ಐಹೊಳೆಯಲ್ಲಿ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಚಾಲುಕ್ಯ ಇತಿಹಾಸಕಾರರು ಇದುವರೆಗೆ ಕೈಗೆತ್ತಿಕೊಳ್ಳದಿರುವುದು ನಮ್ಮ ವಿದ್ವತ್ ಲೋಕದ ದೊಡ್ಡ ಕೊರತೆ. ಗುಡಿಗಳ ಕಾಲ, ಶೈಲಿ, ಶಿಖರದ ಜಾತಿ, ಗರ್ಭಗುಡಿಯಲ್ಲಿ ಮೊದಲು ಯಾವ ದೇವರಿತ್ತು, ಈಗ ಯಾಕಿಲ್ಲ, ಇವುಗಳ ಮೇಲೆ ಕಪಾಟು ತುಂಬುವಷ್ಟು ಗ್ರಂಥಗಳಿವೆ. ಆ ಶಿಖರದ ಮೇಲೆ ಕೂತ ಹಕ್ಕಿಗೆ ಒಂದು ಅಡಿಟಿಪ್ಪಣಿಯೂ ಸಿಕ್ಕಿಲ್ಲ. ಈ ಕೊರತೆ ನೀಗಲೆಂದು 600 ಎಂ.ಎಂ. ಲೆನ್ಸು, ಮಡಚುವ ಸ್ಟೂಲು, ಖಡಕ್ ರೊಟ್ಟಿಯ ಗಂಟು ಸಮೇತ ಪ್ರಸ್ತುತ ಲೇಖಕ ಹೊರಟ. ಅರ್ಹತೆಯ ಬಗ್ಗೆ ಯಾರೂ ಕೇಳಬಾರದು. ಕ್ರಿ.ಶ. 634ರ ಮೇಗುತಿ ಶಾಸನದಲ್ಲಿ ರವಿಕೀರ್ತಿ ತನ್ನನ್ನು ತಾನೇ ಕಾಳಿದಾಸ, ಭಾರವಿಯರ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ, ಅದೂ ಅಳಿಸಲಾಗದಂತೆ ಕಲ್ಲಿನಲ್ಲಿ. ಐಹೊಳೆಯಲ್ಲಿ ವಿನಯ ಕಡ್ಡಾಯವಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ಮೊದಲಿಗೆ ವಲಯ ವಿಚಾರ. ಪ್ರವಾಸಿ ಕೈಪಿಡಿಗಳು ಉಪೋಷ್ಣವಲಯದಲ್ಲಿ ಹಕ್ಕಿ ಹುಡುಕುವ ಬಗೆಯನ್ನು ಬೋಧಿಸುತ್ತವೆ. ಐಹೊಳೆ ಇರುವುದಾದರೋ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಕರ್ಕಾಟಕ ಸಂಕ್ರಾಂತಿ ವೃತ್ತ 23.5ರಲ್ಲಿ. ಹಾಗಾಗಿ ಇದು ‘ಉಪ’ದ ರಿಯಾಯಿತಿ ಇಲ್ಲದ ಅಪ್ಪಟ ಉಷ್ಣವಲಯ. ಇದಕ್ಕೆ ಹೊಣೆ ಇಮ್ಮಡಿ ಪುಲಕೇಶಿ ಎಂಬುದು ನಮ್ಮ ಪ್ರತಿಪಾದನೆ. ಅವನು ಹರ್ಷವರ್ಧನನನ್ನು ನರ್ಮದೆಯಲ್ಲೇ ತಡೆದು ನಿಲ್ಲಿಸಿದ. ನರ್ಮದೆ ಹರಿಯುವುದು ಆ ವೃತ್ತಕ್ಕೆ ತುಸು ದಕ್ಷಿಣಕ್ಕೆ. ಹರ್ಷನ ಹಿಂದೆಯೇ ಬರುತ್ತಿದ್ದ ಉಪೋಷ್ಣವಲಯವೂ ಅಲ್ಲೇ ನಿಂತುಬಿಟ್ಟಿತು. ಆ ದಿಗ್ವಿಜಯದ ಫಲವನ್ನು ಏಪ್ರಿಲ್ ನಡುಹಗಲಿನಲ್ಲಿ ಮೇಗುತಿ ಗುಡ್ಡದ ಬಂಡೆಯ ಮೇಲೆ ಯಾರು ಬೇಕಾದರೂ ಬರಿಗಾಲಲ್ಲಿ ಪರೀಕ್ಷಿಸಬಹುದು.

ಇನ್ನು ಪೂರ್ವಸೂರಿಗಳು. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಮುಂಬಯಿ ಸರಕಾರದ ಛಾಯಾಗ್ರಾಹಕ ದುರ್ಗದ ಗುಡಿಯ ಚಿತ್ರ ತೆಗೆದ. ಅವು ಕಾಗದದ ನೆಗೆಟಿವ್‌ನ ದಿನಗಳು. ಬೆಳಕು ಇಳಿಯಲು ಮಸೂರ ನಿಮಿಷಗಟ್ಟಲೆ ಕಣ್ಣು ಬಿಟ್ಟುಕೊಂಡು ಕೂರಬೇಕು. ಅಷ್ಟು ಹೊತ್ತು ಅಲ್ಲಾಡದೆ ಇರಬಲ್ಲದ್ದು ಗುಡಿ ಮಾತ್ರ. ಎದುರಿಗೆ ಎಷ್ಟು ಹಕ್ಕಿ ಹಾರಿದರೂ ಚಿತ್ರದಲ್ಲಿ ಒಂದೂ ಉಳಿಯದು. ಆದ್ದರಿಂದ ಆ ಚಿತ್ರವನ್ನು ಐಹೊಳೆಯ ಮೊದಲ ಪಕ್ಷಿಚಿತ್ರವೆಂದೇ ನಾವು ಎಣಿಸುತ್ತೇವೆ. ಇಂದಿನ ಅನೇಕ ಪಕ್ಷಿಚಿತ್ರಗಳಲ್ಲೂ ಹಕ್ಕಿ ಹಾರಿಹೋದ ಕೊಂಬೆಯಷ್ಟೇ ಇರುವುದನ್ನು ಕಂಡರೆ ಪರಂಪರೆ ಅವಿಚ್ಛಿನ್ನವಾಗಿದೆ ಎನ್ನಬೇಕು.

ಈಗ ಮುಖ್ಯ ಸಿದ್ಧಾಂತ. ದುರ್ಗದ ಗುಡಿ ದುರ್ಗಾದೇವಿಯದಲ್ಲ, ಕೋಟೆಯ ಪಕ್ಕದ ಗುಡಿ ಎಂದು ಆ ಹೆಸರು. ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿರುವ ಗಜಪೃಷ್ಠ ವಿನ್ಯಾಸ. ಸುತ್ತಲೂ ಕಂಬಗಳ ಮೊಗಸಾಲೆ. ವಿದ್ವಾಂಸರು ಇದನ್ನು ಪ್ರದಕ್ಷಿಣೆಗೆಂದು, ಬೌದ್ಧ ಚೈತ್ಯದ ನೆನಪೆಂದು ವಿವರಿಸುತ್ತಾರೆ. ಆದರೆ ಆ ಮೊಗಸಾಲೆಯಲ್ಲಿ ಲೆನ್ಸು ಹಿಡಿದು ಕಂಬದಿಂದ ಕಂಬಕ್ಕೆ ಸರಿದವನಿಗೆ ಸತ್ಯ ಹೊಳೆಯದಿರದು: ನೆರಳಲ್ಲಿ ಅಡಗಿ, ಹುಲ್ಲುಹಾಸಿನ ಮೇಲಿರುವ ಚಂದ್ರಮುಕುಟ ಹಕ್ಕಿಗೆ ಗೊತ್ತಾಗದಂತೆ ಅದರ ಸುತ್ತ ಅರ್ಧ ಬಳಸಿ ಬರಲು ಹೇಳಿ ಮಾಡಿಸಿದ ಕಟ್ಟಡ ಇದು. ಕಂಬದ ಮೇಲಿನ ಮಿಥುನಗಳು, ಮಹಿಷಮರ್ದಿನಿ, ನರಸಿಂಹ ಇವೆಲ್ಲ ಹಕ್ಕಿ ಬರುವವರೆಗೆ ಹೊತ್ತು ಹೋಗಲೆಂದು ಕೆತ್ತಿದ್ದು. ಈ ಮಾತಿಗೆ ಕ್ಷೇತ್ರಾಧಾರವೂ ಇದೆ. ಚಳಿಗಾಲದ ಬೆಳಗ್ಗೆ ಬಂದ ಛಾಯಾಗ್ರಾಹಕರ ದಂಡು ಏಳು, ಎಂಟನೇ ಶತಮಾನದ ಶಿಲ್ಪಗಳಿಗೆ ಬೆನ್ನು ಮಾಡಿ ಎದುರಿನ ಬೇವಿನ ಮರದ ಹಾಲಕ್ಕಿಗಾಗಿ ಕಾದು ನಿಂತಿರುತ್ತದೆ. ಅವರಲ್ಲಿ ಯಾರೂ ಹಿಂದಿರುಗಿ ನೋಡಿದ ದಾಖಲೆ ಇಲ್ಲ.

ಐಹೊಳೆಯ ನಾಮಕರಣ ಪದ್ಧತಿಯೂ ನಮ್ಮ ಬೆಂಬಲಕ್ಕಿದೆ. ಲಾಡಖಾನ್ ಎಂಬಾತ ಗುಡಿಯೊಂದರಲ್ಲಿ ಬಿಡಾರ ಹೂಡಿದ್ದ, ಗುಡಿಗೆ ಅವನದೇ ಹೆಸರು ನಿಂತಿತು. ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯ ಮಠ, ದೇವರ ಹೆಸರು ಮರೆತಲ್ಲೆಲ್ಲ ಊರಿನವರ ಹೆಸರೇ ಉಳಿಯಿತು. ಈ ನ್ಯಾಯದ ಪ್ರಕಾರ ನೂರಿಪ್ಪತ್ತಕ್ಕೂ ಮಿಕ್ಕ ಗುಡಿಗಳಲ್ಲಿ ಬಹುಪಾಲಿಗೆ ಇನ್ನು ಪಾರಿವಾಳದ ಗುಡಿ ಎಂದೇ ಹೆಸರಿಡಬೇಕು. ಗುಡಿಗಳ ನಡುವಿನ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ದಶಕಗಳಿಂದ ನಡೆದೇ ಇದೆ. ಪಾರಿವಾಳಗಳಿಗೆ ಮಾತ್ರ ಇದುವರೆಗೆ ಯಾರೂ ನೋಟಿಸು ಕೊಟ್ಟಿಲ್ಲ.

ಶಿಲಾಪಕ್ಷಿಗಳನ್ನು ಬೇಗ ಮುಗಿಸೋಣ. ಹುಚ್ಚಿಮಲ್ಲಿ ಗುಡಿಯ ಚಾವಣಿಯಲ್ಲಿ ಕಾರ್ತಿಕೇಯನ ನವಿಲಿದೆ. ತಲೆ ಎತ್ತಿ ನೋಡಬೇಕು, ಕತ್ತು ನೋಯುತ್ತದೆ, ಆದರೆ ಹಾರುವುದಿಲ್ಲ. ಹುಚ್ಚಪ್ಪಯ್ಯನ ಗುಡಿಯಲ್ಲಿದ್ದ ಬ್ರಹ್ಮನ ಹಲಗೆ ಈಗ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿದೆ, ಹಂಸವೂ ಒಡೆಯನ ಜೊತೆಗೇ ಹೋಯಿತು. ವಲಸೆ ಹೋಗಿ ಮರಳದ ಏಕೈಕ ಪಕ್ಷಿಯೆಂದು ಅದನ್ನು ಪ್ರತ್ಯೇಕವಾಗಿ ದಾಖಲಿಸಲಾಗಿದೆ.

ಸಲಕರಣೆಯ ವಿಷಯದಲ್ಲಿ ಒಂದು ತೊಡಕು ಬಂತು. “ಸಾಹೇಬ್ರ, ಆ ಮೂರ್ ಕಾಲಿಂದು ಒಳಗ ಬಿಡಂಗಿಲ್ರೀ, ಪರ್ಮಿಶನ್ ಬೇಕ್ರಿ” ಎಂದರು ಬಾಗಿಲಲ್ಲಿದ್ದ ಕಾವಲುಗಾರರು. ಬಾದಾಮಿಯ ಗುಹೆಯಲ್ಲಿ ಕಾಲೆತ್ತಿ ನಿಂತ ತ್ರಿವಿಕ್ರಮನಿಗೂ ಮೂರು ಹೆಜ್ಜೆ ಇಡಲು ಬಲಿಯ ಅಪ್ಪಣೆ ಬೇಕಿತ್ತು. ಮೂರು ಕಾಲು ಊರಲು ನಮಗೆ ಇಲಾಖೆಯದು ಬೇಕಾದರೆ ತಪ್ಪೇನಿಲ್ಲ. ಟ್ರೈಪಾಡನ್ನು ಅವರ ಕುರ್ಚಿಗೆ ಒರಗಿಸಿ, ಹಾಗಾದರೆ ಹಕ್ಕಿಗೆ ಒಳ್ಳೇ ಜಾಗ ಯಾವುದು ಎಂದು ವಿನಯದಿಂದ ಕೇಳಿದೆ. ಅವರು ಟಿಕೆಟ್ ಖೋಲಿಯ ಆಚೆಗೆ, ಬಿಳಿಜೋಳದ ಹೊಲದತ್ತ ಗದ್ದ ತೋರಿದರು. “ಅಲ್ಲಿ ಆಯಿ ಕುಂತಾಳ ನೋಡ್ರಿ. ಆಕಿನ್ನ ಕೇಳ್ರಿ. ಹಕ್ಕಿ ಲೆಕ್ಕ ಎಲ್ಲಾ ಆಕಿ ಕಡೇನ ಐತಿ.”

ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಮೂರನೇ ಸೋಮೇಶ್ವರ ಬರೆದ ಮಾನಸೋಲ್ಲಾಸದಲ್ಲಿ ಕೋಳಿ, ಲಾವುಗೆ, ಪಾರಿವಾಳ, ಗಿಡುಗ ಎಲ್ಲದರ ವಿನೋದಕ್ಕೂ ಅಧ್ಯಾಯವಿದೆ. ಜೋಳ ಕಾಯುವ ಆಯಿಗೆ ಇಲ್ಲ. ಅರಸರು ಬರೆದ ವಿಶ್ವಕೋಶದ ಮಿತಿಯೇ ಇದು.

ಹೊಲದ ನಡುವೆ ನಾಲ್ಕು ಗೂಟದ ಅಟ್ಟ. ಮೇಲೆ ಆಯಿ, ಕೈಯಲ್ಲಿ ಕವಣಿ, ಪಕ್ಕದಲ್ಲಿ ಬಾರಿಸಲು ಎಣ್ಣೆಯ ಡಬ್ಬಿ. ಉಟ್ಟದ್ದು ಇಳಕಲ್ ಸೀರೆ, ಸೆರಗಿನಲ್ಲಿ ಕಸೂತಿ ಗಿಳಿ, ಬಾಯಲ್ಲಿ ಅದೇ ಗಿಳಿಯ ವಂಶಕ್ಕೆ ಬೈಗುಳ. ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗಿನಿಂದ ಸೀತನಿ ಸುಡುವವರೆಗೆ ಅವಳ ವೀಕ್ಷಣಾಲಯ ಸೂರ್ಯೋದಯಕ್ಕೆ ಮೊದಲೇ ತೆರೆಯುತ್ತದೆ. ನಾನು ಗುಡಿ, ಗಜಪೃಷ್ಠ, ಸಿದ್ಧಾಂತ ಎಲ್ಲವನ್ನೂ ನಿವೇದಿಸಿದೆ. ಅವಳು ಕೇಳಿ ಮುಗಿಸಿ ಒಂದೇ ಪ್ರಶ್ನೆ ಹಾಕಿದಳು.

“ತಮ್ಮಾ, ಗುಡಿ ಮ್ಯಾಲೆ ಕುಂತ ಹಕ್ಕಿ ಏನ್ ತಿಂತಾವು? ಕಲ್ಲ ತಿಂತಾವೇನು? ಮಕ್ಕೊಳ್ಳಾಕ ಗುಡಿ, ಹೊಟ್ಟೀಗೆ ನನ್ನ ಹೊಲ.”

ಪರಿಸರವಿಜ್ಞಾನದ ಗ್ರಂಥಗಳು ಅಧ್ಯಾಯಗಟ್ಟಲೆ ಹೇಳುವುದನ್ನು ಅವಳು ಡಬ್ಬಿ ಬಾರಿಸುವ ಬಿಡುವಿನಲ್ಲಿ ಹೇಳಿದಳು. ಬಿಸಿಲು ಹತ್ತುವ ಮೊದಲು ಗಿಳಿ ಬರುತ್ತವೆ, ಗುಡಿಯ ದಿಕ್ಕಿನಿಂದಲೇ. ತೆನೆ ಕಡಿದು ಅರ್ಧ ತಿಂದು ಅರ್ಧ ಚೆಲ್ಲುತ್ತವೆ. ಗುಬ್ಬಿಗೆ ಹೊತ್ತಿಲ್ಲ ಗೊತ್ತಿಲ್ಲ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಇಳಿಯುವ ಗುಲಾಬಿ ಕಬ್ಬಕ್ಕಿ ಹಿಂಡುಗಟ್ಟಿ ಬಂದರೆ ಕವಣಿಯೂ ಸೋಲುತ್ತದೆ. ಕಾಜಾಣ ಮಾತ್ರ ಹುಳು ತಿನ್ನುವುದು, ಅದಕ್ಕೆ ಕಲ್ಲಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆಲ್ಲ ಚರಗ ಚೆಲ್ಲಿ ಹಕ್ಕಿಗೂ ಉಣಿಸುವ ಕೈ ಮಾರನೇ ದಿನ ಕವಣಿ ಹಿಡಿಯುತ್ತದೆ. ಇದರಲ್ಲಿ ವಿರೋಧವನ್ನು ಕಂಡದ್ದು ನಾನೊಬ್ಬನೇ, ಅವಳಿಗಾಗಲೀ ಹಕ್ಕಿಗಾಗಲೀ ಕಾಣಲಿಲ್ಲ.

ರಾಜಹಂಸ ಬೇಕಾದವರು ಆಲಮಟ್ಟಿ ಹಿನ್ನೀರಿಗೆ ಹೋಗಲಿ. ಪಟ್ಟೆತಲೆ ಹೆಬ್ಬಾತು ಬೇಕಾದವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಯಿದೆ, 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಅವೆಲ್ಲ ಹೆಸರಾದ ಜಾಗಗಳು. ಅಲ್ಲಿ ಲೆನ್ಸುಗಳಿಗೆ ಲೆನ್ಸು ತಾಗುತ್ತವೆ. ನಮ್ಮ ನಿರ್ಣಯ ಅಟ್ಟದ ಪರ.

ಅಟ್ಟಕ್ಕೆ ಬಾಡಿಗೆಯಿಲ್ಲ, ಷರತ್ತಿದೆ: ಕೂತವರು ಕವಣಿ ಬೀಸಬೇಕು. ಇಲ್ಲೊಂದು ಧರ್ಮಸೂಕ್ಷ್ಮ ಎದ್ದಿತು. ಚಿತ್ರಕ್ಕಾಗಿ ಹಕ್ಕಿಯನ್ನು ಬೆದರಿಸಿ ಹಾರಿಸುವುದು ಛಾಯಾಗ್ರಾಹಕರಲ್ಲಿ ಮಹಾಪಾತಕ. ಆದರೆ ಹಾರಿಸಿದ್ದು ಜೋಳಕ್ಕಾಗಿ, ಚಿತ್ರ ಬಂದದ್ದು ಪ್ರಾಸಂಗಿಕವಾಗಿ ಎಂದಾದರೆ? ಸಂಕಲ್ಪ ಆಯಿಯದು, ಶಟರು ನನ್ನದು, ದೋಷ ಯಾರಿಗೂ ಅಂಟದು ಎಂದು ತೀರ್ಮಾನಿಸಿ ಬೀಸಿದೆ, ಕ್ಲಿಕ್ಕಿಸಿದೆ. ಹಸಿರು ಹಿಂಡು ಮೇಗುತಿಯ ಹಿನ್ನೆಲೆಯಲ್ಲಿ ಒಟ್ಟಿಗೆ ಎದ್ದಿತು. ಪರದೆಯಲ್ಲಿ ತೋರಿಸಿದೆ. ಆಯಿ ಕಣ್ಣು ಕಿರಿದು ಮಾಡಿ, ಹೆಬ್ಬೆರಳಿಂದ ಒಂದೊಂದೇ ಗಿಳಿ ಎಣಿಸತೊಡಗಿದಳು.

“ಭಾಳ ಚಲೋ ಬಂದೈತಿ ತಮ್ಮಾ. ಬಾಯಾಗ ತೆನಿ ಸುದ್ದಾ ಕಾಣಾಕತ್ತೈತಿ. ಇದನ್ನ ಒಂದ್ ಕಾಗದದಾಗ ತಗದ್ ಕೊಡು, ಪಂಚಾಯ್ತಿಗೆ ಒಯ್ತೀನಿ. ಎಷ್ಟ್ ಗಿಳಿ, ಅಷ್ಟ್ ತೆನಿ, ಪರಿಹಾರ ಕೊಡಲಿ. ಅವ್ರು ಕೊಡಲಿಲ್ಲಂದ್ರ ನೀ ಅದಿಯಲ್ಲ.”

ಎಡಮೂಲೆಯ ಗಿಳಿಗಳು ಫೋಕಸ್ ಆಗಿಲ್ಲ, ಅವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ವಾದಿಸುವ ಹಕ್ಕನ್ನು ಲೇಖಕ ಕಾಯ್ದಿರಿಸಿಕೊಂಡಿದ್ದಾನೆ.